ಹತ್ತು ರಾತ್ರಿಯ ಕುಂಬಳ

ಮಾತ್ರೆಗಳನ್ನು ಅವುಗಳ ಪಾಡಿಗೆ ಅವುಗಳ ಹೊದಿಕೆಯಲ್ಲೇ ಬಿಟ್ಟಿದ್ದರೆ ಈ ಕತೆ ಹುಟ್ಟುತ್ತಲೇ ಇರಲಿಲ್ಲ.

ಆದರೆ ಪೊಟ್ಟಣರಾಯನ ಕೈ ಬಿಡಬೇಕಲ್ಲ. ಇಪ್ಪತ್ತಾರು ವರ್ಷ ಬೀಜದಂಗಡಿಯಲ್ಲಿ ಕೂತ ಕೈ ಅದು. ಬಿಡಿಬಿಡಿಯಾಗಿ ಬಿದ್ದಿರುವ ಏನನ್ನು ಕಂಡರೂ ಅದಕ್ಕೆ ತುರಿಕೆ ಹತ್ತುತ್ತಿತ್ತು: ಎಣಿಸಬೇಕು, ಪೊಟ್ಟಣಕ್ಕೆ ತುಂಬಬೇಕು, ಬಾಯಿಗೆ ಬಿಸಿ ಇಕ್ಕಳ ಒತ್ತಿ ಮುಚ್ಚಬೇಕು. ಮನೆಯಲ್ಲಿ ಅಂಗಿಯ ಗುಂಡಿ, ಸೂಜಿ, ಸಕ್ಕರೆ ಎಲ್ಲವೂ ಪೊಟ್ಟಣದೊಳಗೇ ಇದ್ದವು. 'ನಾನು ಇನ್ನಷ್ಟು ಸಣ್ಣಗಿದ್ದಿದ್ರೆ ನನ್ನನ್ನೂ ಒಂದರೊಳಗೆ ಹಾಕಿ ಮುಚ್ಚಿಬಿಡ್ತಿದ್ರು' ಎಂದು ಅವನ ಹೆಂಡತಿ ಒಮ್ಮೆ ತಮ್ಮನ ಎದುರು ಹೇಳಿದ್ದಳು. ಅವತ್ತಿನಿಂದ ಪೊಟ್ಟಣರಾಯ ಎಂಬ ಹೆಸರು ಬೀದಿಗೆಲ್ಲ ಹಬ್ಬಿತು. ತಾಯಿತಂದೆ ಇಟ್ಟ ಹೆಸರು ಗುರುತಿನ ಚೀಟಿಯಲ್ಲಿ ಮಾತ್ರ ಉಳಿಯಿತು.

ಅಂಗಡಿಯ ಹಲಗೆಯ ಮೇಲೆ 'ಬಿತ್ತಿದರೆ ಹುಟ್ಟುತ್ತದೆ' ಎಂದು ಹಸಿರು ಬಣ್ಣದಲ್ಲಿ ಬರೆಸಿದ್ದ. ಪೊಟ್ಟಣಗಳೇನೋ ಚೆಂದ: ಒಳಗೆ ಬೆಳ್ಳಿ ಬಣ್ಣದ ಪದರ, ಹೊರಗೆ ತರಕಾರಿಯ ಚಿತ್ರ, ಅಂಚಿನಲ್ಲಿ ತಾರೀಖಿನ ಮುದ್ರೆ. ಒಳಗಿನ ಬೀಜದ ಬಗ್ಗೆ ಮಾತ್ರ ಊರಿನ ಅಭಿಪ್ರಾಯ ಬೇರೆ. ಹತ್ತು ಹಾಕಿದರೆ ಎರಡು ಮೇಲೆ ಬರುತ್ತಿದ್ದವು, ಅವೂ ಪರೀಕ್ಷೆಗೆ ಹೊರಟ ದಡ್ಡ ಮಕ್ಕಳ ಹಾಗೆ ಕಾಲೆಳೆಯುತ್ತ.

ಹೆಂಡತಿಗೆ ಮದುವೆಯಾದಾಗಿನಿಂದ ಒಂದೇ ಆಸೆ. ನಾಲ್ಕೂ ದಿಕ್ಕಿಗೆ ನೀರಲ್ಲದೆ ಬೇರೇನೂ ಕಾಣದ ಜಾಗದಲ್ಲಿ ನಿಂತು, ಮೆಲ್ಲಗೆ ಒಂದು ಸುತ್ತು ತಿರುಗಿ ನೋಡಬೇಕು. ಇಪ್ಪತ್ತನಾಲ್ಕು ವರ್ಷ ಪೊಟ್ಟಣರಾಯ ಅವಳಿಗೆ ಕೆರೆ ತೋರಿಸಿ, ಬಾವಿ ತೋರಿಸಿ, ನೀರಿನ ಟ್ಯಾಂಕು ತೋರಿಸಿ ದಿನ ತಳ್ಳಿದ್ದ. ಕೊನೆಗೊಂದು ದಿನ ಹತ್ತು ರಾತ್ರಿಯ ಹಡಗು ಪ್ರವಾಸಕ್ಕೆ ಎರಡು ಟಿಕೆಟ್ಟು ತಂದ. ತಂದ ತಿಂಗಳಲ್ಲೇ ಅವಳ ಎದೆ ಬಡಿತ ತಾಳ ತಪ್ಪಿತು. ಡಾಕ್ಟರು ಮೂರು ಬಗೆಯ ಮಾತ್ರೆ ಬರೆದುಕೊಟ್ಟು, ಅವನನ್ನೊಬ್ಬನನ್ನೇ ಪಕ್ಕಕ್ಕೆ ಕರೆದರು.

"ಹೋಗಿಬನ್ನಿ, ಬೇಡ ಅನ್ನಲ್ಲ. ಬೆಳಗಿನದು, ಮಧ್ಯಾಹ್ನದ್ದು ತಪ್ಪಿದ್ರೆ ಬಂದ ಮೇಲೆ ಬೈತೀನಿ. ರಾತ್ರಿಯ ಬಿಳಿ ಮಾತ್ರೆ ತಪ್ಪಿದ್ರೆ ಬೈಸಿಕೊಳ್ಳೋಕೆ ನಿಮ್ಮಾಕೆ ಇರ್ತಾರೋ ಇಲ್ವೋ."

ಆ ಬಿಳಿ ಮಾತ್ರೆ ಊರಿನ ಯಾವ ಔಷಧಿ ಅಂಗಡಿಯಲ್ಲೂ ಸಿಗುತ್ತಿರಲಿಲ್ಲ. ಹೇಳಿ ತರಿಸಬೇಕು, ಎಂಟು ದಿನ ಕಾಯಬೇಕು. ಅಜ್ಜಿ ಕತೆಯಲ್ಲಿ ರಾಕ್ಷಸನ ಜೀವ ಏಳು ಕಡಲಾಚೆಯ ಗಿಣಿಯ ಕೊರಳಲ್ಲಿ ಇರುತ್ತದಲ್ಲ, ಹಾಗೆ ಅವಳ ಜೀವ ಹತ್ತು ಬಿಳಿ ಮಾತ್ರೆಗಳೊಳಗೆ ಇತ್ತು ಎಂದೇ ಪೊಟ್ಟಣರಾಯ ನಂಬಿದ. ಅಷ್ಟು ದೊಡ್ಡ ಜೀವವನ್ನು ಆ ಚರಪರ ಎನ್ನುವ ತೆಳು ಹೊದಿಕೆಯಲ್ಲಿ, ಅದೂ ಕಡಲಿನ ತೇವದ ಗಾಳಿಯಲ್ಲಿ, ಹೇಗೆ ಬಿಡುವುದು? ಬೀಜ ಎರಡು ವರ್ಷ ಕೆಡದೆ ಇರುವ ಪೊಟ್ಟಣ ತನ್ನ ಕೈಯಲ್ಲೇ ಇರುವಾಗ?

ಹೊರಡುವ ಹಿಂದಿನ ಮಧ್ಯಾಹ್ನ ಅಂಗಡಿಯಲ್ಲಿ ಕೂತು ಒಂದೊಂದೇ ಮಾತ್ರೆಯನ್ನು ಹೊದಿಕೆಯಿಂದ ಒತ್ತಿ ತೆಗೆದ. ಹೊದಿಕೆಗಳನ್ನು ಮುದುರಿ ಬೀದಿಯ ಕಸದ ಡಬ್ಬಕ್ಕೆ ಹಾಕಿ ಬಂದ. ಹೆಸರಿಲ್ಲದ ಪೊಟ್ಟಣ ಅವನ ಕಸುಬಿನಲ್ಲಿ ಮಹಾ ತಪ್ಪು. ಹಾಗಾಗಿ ಇರುವ ಹೆಸರುಗಳನ್ನೇ ಹೊಂದಿಸಿದ. ಬೇಗ ಏಳುವುದು ಮೂಲಂಗಿ, ಅದರೊಳಗೆ ಬೆಳಗಿನ ಗುಲಾಬಿ ಮಾತ್ರೆ. ಬಿಸಿಲಿಗೆ ಹೆದರದ್ದು ಬದನೆ, ಅದರೊಳಗೆ ಮಧ್ಯಾಹ್ನದ ಹಳದಿ ಮಾತ್ರೆ. ಬಿದ್ದಲ್ಲೇ ಬಿದ್ದು ಮಲಗುವುದು ಕುಂಬಳ, ಅದರೊಳಗೆ ರಾತ್ರಿಯ ಹತ್ತು ಬಿಳಿ ಮಾತ್ರೆ. ಚಪ್ಪಟೆಯಾಗಿ, ಉದ್ದುರುಂಟಾಗಿ, ನೋಡಲು ಕುಂಬಳದ ಬೀಜದ ಹಾಗೇ ಇದ್ದವು. ಮೂರಕ್ಕೂ ಇಕ್ಕಳ ಒತ್ತಿ, ಮೂಲೆಯಲ್ಲಿ ಪೆನ್ಸಿಲಿನಿಂದ ಸಣ್ಣದೊಂದು ಚುಕ್ಕಿ ಇಟ್ಟ. ತನ್ನ ಜಾಣತನಕ್ಕೆ ತಾನೇ ತಲೆದೂಗಿದ.

ಅಷ್ಟರಲ್ಲಿ ಪಕ್ಕದ ಮನೆಯ ನರ್ಸಮ್ಮ ಬಂದಳು. ನಿವೃತ್ತಿಯಾಗಿ ಆರು ವರ್ಷವಾದರೂ ಅವಳ ದೃಷ್ಟಿಯಲ್ಲಿ ಇಡೀ ಬೀದಿ ಇನ್ನೂ ಒಂದು ವಾರ್ಡು. ಕೈಯಲ್ಲಿ ಊದಿಕೊಂಡ ಬಟ್ಟೆ ಚೀಲ.

"ತಗೊಳ್ಳಿ. ತಲೆಸುತ್ತಿಗೆ, ವಾಂತಿಗೆ, ಭೇದಿಗೆ, ಭೇದಿ ನಿಂತುಹೋದ್ರೆ ಅದಕ್ಕೆ, ಸೊಳ್ಳೆಗೆ."

"ಕಡಲಲ್ಲಿ ಸೊಳ್ಳೆ ಇರುತ್ತಾ ನರ್ಸಮ್ಮ?"

"ಇಲ್ಲ ಅಂತ ನಿಮಗೆ ಯಾರು ಹೇಳಿದ್ರು? ನಲವತ್ತು ವರ್ಷ ನರ್ಸಾಗಿದ್ದೆ, ಒಂದು ದಿನ ಹಡಗು ಹತ್ತಿಲ್ಲ. ಸುಮ್ನೆ ಅಲ್ಲ ಹತ್ತದೆ ಇದ್ದಿದ್ದು."

ಅವಳ ಚೀಲ ಹೊತ್ತು, ಅವಳ ಉಪದೇಶ ಕೇಳುತ್ತ, ಪೊಟ್ಟಣರಾಯ ಅವಳ ಜೊತೆಯಲ್ಲೇ ಮನೆಗೆ ನಡೆದ. ಬಲಗೈಯಲ್ಲಿ ಮದ್ದಿನ ಚೀಲ ಇತ್ತು. ಮದ್ದು ತಂದೆ ಎಂಬ ನೆಮ್ಮದಿಯೂ ಇತ್ತು. ಮೂರು ಪೊಟ್ಟಣ ಮೇಜಿನ ಮೇಲೇ ಉಳಿದವು.

*

ಮಾರನೆಯ ದಿನ ಹನ್ನೊಂದು ಗಂಟೆಗೆ ಹೆಂಡತಿ ಕೇಳಿದಳು, "ರೀ, ಮಾತ್ರೆ ಯಾವ ಬ್ಯಾಗಲ್ಲಿ ಇಟ್ರಿ?"

ಪೊಟ್ಟಣರಾಯನ ಕೈ ಅಂಗಿಯ ಜೇಬಿಗೆ ಹೋಯಿತು, ಪ್ಯಾಂಟಿನ ಜೇಬಿಗೆ ಹೋಯಿತು, ನರ್ಸಮ್ಮನ ಚೀಲದೊಳಗೆ ಹೋಯಿತು. ಅಲ್ಲಿ ಸೊಳ್ಳೆಯ ಮುಲಾಮು ಸಿಕ್ಕಿತು.

"ಇಟ್ಟಿದ್ದೀನಿ."

"ಎಲ್ಲಿ?"

"ಸರಿಯಾದ ಜಾಗದಲ್ಲಿ." ಅವಳ ಕೈಚೀಲ ಹಾಸಿಗೆಯ ಮೇಲಿತ್ತು. ಅಕಸ್ಮಾತ್ ಅದರಲ್ಲೇನಾದರೂ ಇಟ್ಟೆನೇ ಎಂದು ಕೈ ಚಾಚಿದ.

"ಅದನ್ನ ಮುಟ್ಟಬೇಡಿ," ಅಂದಳು ಅವಳು, ಬೆಕ್ಕು ಮರಿಯನ್ನು ಎಳೆದುಕೊಳ್ಳುವ ಹಾಗೆ ಚೀಲವನ್ನು ಪಕ್ಕಕ್ಕೆ ಎಳೆದುಕೊಂಡು. "ನೀವು ಮುಟ್ಟಿದ್ದೆಲ್ಲ ಪೊಟ್ಟಣವಾಗುತ್ತೆ."

"ಅಂಗಡಿ ಕೀಲಿ ವಿಷಯ ನಿನ್ನ ತಮ್ಮನಿಗೆ ಹೇಳೋದಿತ್ತು. ಈಗ ಬಂದೆ."

"ಮೂರು ಗಂಟೆಗೆ ಕಾರು ಬರುತ್ತೆ. ನಾಲ್ಕಕ್ಕೆ ಬಂದರಿನ ಗೇಟು ಹಾಕ್ತಾರೆ. ಕೇಳಿಸ್ತಾ?"

ಕೇಳಿಸಿತ್ತು. ಆ ಮಾತು ಬೀದಿಯುದ್ದಕ್ಕೂ ಅವನ ಬೆನ್ನಿಗೆ ಬಿದ್ದು ಓಡಿಸಿತು.

ಅಂಗಡಿಯ ಬಾಗಿಲಲ್ಲಿ ಭಾವಮೈದ ನಗುನಗುತ್ತ ನಿಂತಿದ್ದ. ವಯಸ್ಸು ಮೂವತ್ತೈದು, ಈವರೆಗೆ ಹಿಡಿದ ಕೆಲಸ ಹದಿನಾಲ್ಕು. ಭಾವ ಪ್ರವಾಸಕ್ಕೆ ಹೋಗಿ ಬರುವಷ್ಟು ದಿನ ಅಂಗಡಿ ನೋಡಿಕೊಳ್ಳುವುದು ಹದಿನೈದನೆಯದು. ಮೇಜು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅದರ ಮೇಲೆ ಏನೂ ಇರಲಿಲ್ಲ.

"ಇಲ್ಲಿ ಮೂರು ಪೊಟ್ಟಣ ಇತ್ತಲ್ಲ."

"ಇತ್ತು ಭಾವ. ನೀವೇ ಹೇಳ್ತಿರ್ತೀರಲ್ಲ, ಮೇಜಿನ ಮೇಲೆ ಪೊಟ್ಟಣ ಬಿಡೋನು ಅಂಗಡಿ ನಡೆಸೋನಲ್ಲ ಅಂತ. ಬಂದ ತಕ್ಷಣ ಅದದರ ಜಾಗಕ್ಕೆ ಸೇರಿಸಿದೆ."

ಜಾಗ ಎಂದರೆ ಮೂಲಂಗಿಯ ಅರವತ್ತು ಪೊಟ್ಟಣಗಳ ನಡುವೆ ಒಂದು, ಬದನೆಯ ಎಪ್ಪತ್ತರ ನಡುವೆ ಒಂದು. ಪೊಟ್ಟಣರಾಯ ಬಾಗಿಲು ಅರ್ಧ ಎಳೆದು ನೆಲದ ಮೇಲೆ ಕೂತ. ಪೆನ್ಸಿಲಿನ ಚುಕ್ಕಿ ಹುಡುಕುವುದು ರಾತ್ರಿಯ ಆಕಾಶದಲ್ಲಿ ತನಗೆ ಗೊತ್ತಿರುವ ಒಂದೇ ನಕ್ಷತ್ರ ಹುಡುಕಿದಂತಿತ್ತು. ತಾರೀಖಿನ ಮುದ್ರೆಯ ಮಸಿ ಎಲ್ಲ ಪೊಟ್ಟಣದ ಮೇಲೂ ಒಂದೊಂದು ಚುಕ್ಕಿ ಹಾರಿಸಿತ್ತು. ಕೊನೆಗೆ ಅಲುಗಾಡಿಸಿ ಕಿವಿಗೆ ಹಿಡಿದು ನೋಡಿದ. ಅನುಮಾನ ಬಂದದ್ದನ್ನು ಹರಿದ. ನಲವತ್ತೆರಡನೆಯ ಮೂಲಂಗಿಯಲ್ಲಿ ಗುಲಾಬಿ ಮಾತ್ರೆ ಸಿಕ್ಕಿತು, ಹತ್ತೊಂಬತ್ತನೆಯ ಬದನೆಯಲ್ಲಿ ಹಳದಿಯದು. ಅಷ್ಟರಲ್ಲಿ ನೆಲದ ಮೇಲೆ ಬೀಜದ ಜಮಖಾನೆ ಹಾಸಿತ್ತು, ಗಡಿಯಾರ ಒಂದೂವರೆ ದಾಟಿತ್ತು.

"ಕುಂಬಳ?"

"ಆ ಕುಂಬಳಾನೇ ಮಾರಿದೆ ಭಾವ," ಅಂದ ಭಾವಮೈದ ಹೆಮ್ಮೆಯಿಂದ. "ಅಂಗಡಿ ತೆಗೆದ ಹತ್ತು ನಿಮಿಷಕ್ಕೆ. ನನ್ನ ಕೈಗುಣ."

ಪೊಟ್ಟಣರಾಯ ಬೀಜದ ಮೇಲಿಂದ ಎದ್ದ. "ಯಾರಿಗೆ?"

"ಮೂಲೆಯ ಕ್ಷೌರಿಕನಿಗೆ. ಯಾಕೆ ಮುಖ ಹೀಗಾಯ್ತು? ಅದರಲ್ಲಿ ಏನಿತ್ತು?"

"ನಿನ್ನ ಅಕ್ಕ ಇದ್ದಳು," ಎಂದು ಪೊಟ್ಟಣರಾಯ ಓಡಿದ.

*

ಕ್ಷೌರಿಕನ ಅಂಗಡಿಗೆ ಒಂದು ನಿಯಮ ಇತ್ತು: ಯಾರೂ ನಿಂತುಕೊಂಡು ಮಾತಾಡುವ ಹಾಗಿಲ್ಲ. ನಿಂತವನು ಕನ್ನಡಿಗೆ ಅಡ್ಡ. ಬಂದವನನ್ನು ಭುಜ ಹಿಡಿದು ಕುರ್ಚಿಗೆ ಒತ್ತಿ, ಕುತ್ತಿಗೆಗೆ ಬಿಳಿ ಬಟ್ಟೆ ಕಟ್ಟಿದ ಮೇಲೆಯೇ ಅವನ ಬಾಯಿ ಬಿಚ್ಚುತ್ತಿತ್ತು.

"ಬೆಳಿಗ್ಗೆ ಕುಂಬಳದ ಪೊಟ್ಟಣ ತಂದೆಯಲ್ಲ, ಅದು ಬೇಕು. ಈಗಲೇ ಬೇಕು."

"ಹೇಳ್ತೀನಿ ರಾಯರೇ, ತಲೆ ಅಲ್ಲಾಡಿಸಬೇಡಿ. ಪ್ರಯಾಣಕ್ಕೆ ಹೊರಟೋರು ಹೀಗಾ ಹೋಗೋದು? ಮೀಸೆ ನೋಡಿ, ಮಳೇಲಿ ನೆನೆದ ಪೊರಕೆ ಆಗಿದೆ."

"ಮೀಸೆ ಬಿಡು. ಪೊಟ್ಟಣ ಎಲ್ಲಿ?"

"ಅದು ನನಗಲ್ಲ. ನಾನೆಲ್ಲಿ ಬಿತ್ತಲಿ, ಗಿರಾಕಿ ತಲೆ ಮೇಲಾ?" ಅವನ ಕತ್ತರಿ ಮಾತಿಗೆ ತಾಳ ಹಾಕುತ್ತ ಬಲಮೀಸೆಯ ಮೇಲೆ ಸಾಗಿತು. "ನಿನ್ನೆ ಒಬ್ಬರು ಕೂತಿದ್ರು ಇದೇ ಕುರ್ಚೀಲಿ. ಹೇಳಿದ್ರು, ನಾನು ಆ ಬೀಜದಂಗಡಿ ಮೆಟ್ಟಿಲು ಹತ್ತಲ್ಲ ಅಂತ ಶಪಥ ಮಾಡಿದ್ದೀನಿ, ನೀನೇ ಒಂದು ಕುಂಬಳ ತಂದುಕೊಡು ಅಂತ. ತಂದೆ. ಕೊಟ್ಟೆ."

"ಯಾರು ಅವರು?"

"ಅವರಿಗೆ ನಿಮ್ಮ ಮೇಲೆ ಬಹಳ ಕೋಪ ಇದೆ ರಾಯರೇ."

"ಯಾರಪ್ಪಾ?"

"ಬ್ಯಾಂಕಿನ ಹಿಂದಿನ ಕಟ್ಟಡ, ಮೂರನೇ ಮಹಡಿ. ಪೋಸ್ಟ್ ಮಾಸ್ತರು."

ಪೊಟ್ಟಣರಾಯ ಎದ್ದೇಬಿಟ್ಟ. ಕತ್ತರಿ ಗಾಳಿಯಲ್ಲಿ ನಿಂತಿತು. "ಎಡಗಡೆ ಇನ್ನೂ ಇದೆ," ಎಂದು ಕ್ಷೌರಿಕ ಕೂಗುವಷ್ಟರಲ್ಲಿ ಅವನು ಕುತ್ತಿಗೆಯ ಬಿಳಿ ಬಟ್ಟೆಯ ಸಮೇತ ರಸ್ತೆ ದಾಟಿದ್ದ. ಎಡಗಡೆ ಪೊದೆಯಂಥ ಮೀಸೆ, ಬಲಗಡೆ ಗೆರೆ ಎಳೆದ ಹಾಗೆ ಎರಡು ಕೂದಲು.

*

ಪೋಸ್ಟ್ ಮಾಸ್ತರು ನಿವೃತ್ತರಾಗಿದ್ದರೂ ಅವರ ಗಡಿಯಾರ ನಿವೃತ್ತವಾಗಿರಲಿಲ್ಲ. ಬೆಳಗ್ಗೆ ಒಂಬತ್ತಕ್ಕೆ ತಾರಸಿಗೆ ಹಾಜರಿ, ಹತ್ತಕ್ಕೆ ಬಿತ್ತನೆ, ಎರಡಕ್ಕೆ ನೀರು. ಒಂದು ನಿಮಿಷ ಆಚೆ ಇಲ್ಲ, ಈಚೆ ಇಲ್ಲ. ಪೊಟ್ಟಣರಾಯ ಏದುಸಿರು ಬಿಡುತ್ತ ತಾರಸಿಯ ಬಾಗಿಲು ತಳ್ಳಿದಾಗ ಅವರು ತುಂಬಿದ ನೀರಿನ ಡಬ್ಬ ಎತ್ತಿಕೊಂಡು ಕೈಗಡಿಯಾರ ನೋಡುತ್ತಿದ್ದರು. ಎದುರಿಗೆ ಸಾಲಾಗಿ ಐದು ಕುಂಡ. ಇನ್ನು ಆರು ನಿಮಿಷ.

"ನೀರು ಹಾಕಬೇಡಿ ಸಾರ್."

ಮಾಸ್ತರು ಅವನನ್ನು ಕಾಲಿನಿಂದ ಅರ್ಧ ಮೀಸೆಯವರೆಗೆ ಅಳೆದರು. "ನೀವೇ ಬಂದ್ರಾ? ಒಳ್ಳೇದಾಯ್ತು. ಕಳೆದ ವರ್ಷ ಇದೇ ಐದು ಕುಂಡ. ನಿಮ್ಮದೇ ಕುಂಬಳ. ಎರಡೆರಡು ಬೀಜ. ಒಂದು ತಿಂಗಳು ನೀರು ಹಾಕಿದೆ. ಹುಟ್ಟಿತಾ? ಇಲ್ಲ. ಕೊನೆಗೆ ಸಿಟ್ಟು ಬಂದು ಕುಂಡಗಳನ್ನ ಹಾಗೇ ಟ್ಯಾಂಕಿನ ಕೆಳಗೆ ತಳ್ಳಿದೆ. ಇವತ್ತು ಹೊರಗೆ ಎಳೆದು ಮತ್ತೊಂದು ಅವಕಾಶ ಕೊಟ್ಟಿದ್ದೀನಿ. ನಿಮಗಲ್ಲ, ಕುಂಬಳಕ್ಕೆ."

"ಸಾರ್, ಇವತ್ತು ನೀವು ಬಿತ್ತಿದ್ದು ಬೀಜ ಅಲ್ಲ."

"ಅದು ನನಗೆ ಹೋದ ವರ್ಷವೇ ಗೊತ್ತಾಗಿದೆ."

"ಹಾಗಲ್ಲ ಸಾರ್. ಮಾತ್ರೆ. ನನ್ನ ಹೆಂಡತಿಯ ಎದೆಗೆ ತಗೊಳ್ಳೋದು. ನೀರು ಬಿದ್ರೆ ಕರಗಿ ಹೋಗುತ್ತೆ."

ಮಾಸ್ತರು ಡಬ್ಬವನ್ನು ಇಳಿಸಲಿಲ್ಲ. ಜೇಬಿನಿಂದ ಹರಿದ ಪೊಟ್ಟಣ ತೆಗೆದು ಓದಿದರು. "ಕುಂಬಳ ಅಂತ ಬರೆದಿದೆ. ಮುದ್ರೆ ಇದೆ. ಮೂವತ್ತೆಂಟು ವರ್ಷ ನಾನು ಮೇಲೆ ಬರೆದಿದ್ದನ್ನ ನಂಬಿ ಕೆಲಸ ಮಾಡಿದೋನು. ಒಳಗೇನಿದೆ ಅಂತ ಒಡೆದು ನೋಡಿದೋನಲ್ಲ."

"ನಿಮ್ಮ ದಮ್ಮಯ್ಯ ಸಾರ್. ನಾಲ್ಕು ಗಂಟೆಗೆ ಹಡಗು."

"ಒಂದು ಮಾತು ಒಪ್ಪಿಕೊಳ್ಳಿ. ನಿಮ್ಮ ಬೀಜ ಹುಟ್ಟಲ್ಲ."

ಇಪ್ಪತ್ತಾರು ವರ್ಷದಲ್ಲಿ ಯಾರ ಎದುರೂ ಆಡದ ಮಾತು ಅದು. ಪೊಟ್ಟಣರಾಯ ನೀರಿನ ಡಬ್ಬ ನೋಡಿದ. ಅದರ ಮೂತಿಯಲ್ಲಿ ಒಂದು ಹನಿ ಉಬ್ಬಿ, ಬೀಳಲೋ ಬೇಡವೋ ಎಂದು ತೂಗುತ್ತಿತ್ತು.

"ಹುಟ್ಟಲ್ಲ ಸಾರ್," ಅಂದ.

"ಜೋರಾಗಿ."

"ನನ್ನ ಬೀಜ ಹುಟ್ಟಲ್ಲ ಸಾರ್." ಎದುರು ಮಹಡಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಇಬ್ಬರು ಹೆಂಗಸರು ತಲೆಯೆತ್ತಿ, ಗೊತ್ತಿರುವ ವಿಷಯವೇ ಎಂಬಂತೆ ಮತ್ತೆ ಬಗ್ಗಿದರು.

ಮಾಸ್ತರು ಡಬ್ಬ ಕೆಳಗಿಟ್ಟರು. ಪೊಟ್ಟಣರಾಯ ಮೊಣಕಾಲೂರಿ ಕುಂಡಕ್ಕೆ ಕೈ ಹಾಕಿದ. ಮೊದಲನೆಯದರಲ್ಲಿ ಎರಡು. ಎರಡನೆಯದರಲ್ಲಿ ಎರಡು. ಮೂರನೆಯದರಲ್ಲಿ ಒಂದೇ. ನಾಲ್ಕು, ಐದು ನೋಡಿ ಬಂದ, ಒಟ್ಟು ಒಂಬತ್ತು. ಹತ್ತು ರಾತ್ರಿ, ಒಂಬತ್ತು ಮಾತ್ರೆ. ಹತ್ತನೆಯ ರಾತ್ರಿ ಅವಳು ನಡುಗಡಲಲ್ಲಿ, ನಾಲ್ಕೂ ಕಡೆ ನೀರಿನ ಮಧ್ಯೆ, ಎದೆ ಹಿಡಿದುಕೊಂಡು ನಿಂತ ಚಿತ್ರ ಅವನ ಕಣ್ಣೆದುರು ಬಂತು. ಮೂರನೆಯ ಕುಂಡವನ್ನು ನೆಲಕ್ಕೆ ಮಗುಚಿ ಹಾಕಿದ. ಮಾಸ್ತರು ನೆರಳಿನಲ್ಲಿ ನಿಂತು ಗಳಿಗೆಗೊಮ್ಮೆ ಹೊತ್ತು ಹೇಳುತ್ತಿದ್ದರು. "ಎರಡು ಹನ್ನೊಂದು. ಎರಡು ಹದಿನಾಲ್ಕು." ಹೆಂಟೆಯೊಂದನ್ನು ಬೆರಳಲ್ಲಿ ಒಡೆದಾಗ ಒಳಗೆ ಚಪ್ಪಟೆಯಾಗಿ, ಬೆಳ್ಳಗೆ, ಕುಳಿತಿತ್ತು ಹತ್ತನೆಯದು.

ಅವನ ಕಣ್ಣಲ್ಲಿ ನೀರು ಬಂತು. ಹತ್ತನ್ನೂ ಕ್ಷೌರಿಕನ ಬಿಳಿ ಬಟ್ಟೆಯಲ್ಲಿ ಒರೆಸಿ, ಕಟ್ಟಿ, ಜೇಬಿಗೆ ಸೇರಿಸಿದ. "ನಿಮಗೆ ಹೊಸ ಪೊಟ್ಟಣ ಕಳಿಸ್ತೀನಿ ಸಾರ್, ಭಾವಮೈದನ ಕೈಯಲ್ಲೇ."

"ಕಳಿಸಿ. ಮತ್ತೊಂದು ಅವಕಾಶ ಕೊಡ್ತೀನಿ," ಅಂದರು ಮಾಸ್ತರು.

ಅಲ್ಲಿಂದ ನೇರ ಮನೆಗೆ ಹೋಗಬಹುದಿತ್ತು. ಬಟ್ಟೆಯ ಗಂಟಲ್ಲೇ ಮಾತ್ರೆ ಇರಲಿ ಎನ್ನಬಹುದಿತ್ತು. ಆದರೆ ಬಾಯಿ ತೆರೆದ ಮಾಲು ಅವನ ಮನಸ್ಸಿಗೆ ಬಾಗಿಲು ತೆಗೆದಿಟ್ಟು ಬಂದ ಮನೆಯಿದ್ದಂತೆ. ಅಂಗಡಿಗೆ ಓಡಿ ಹೊಸ ಪೊಟ್ಟಣ ಮೂರು ತೆಗೆದು, ತುಂಬಿ, ಇಕ್ಕಳ ಒತ್ತಿ, ತಾರೀಖಿನ ಮುದ್ರೆಯನ್ನೂ ಹಾಕಿದ. ಮೂಲಂಗಿ, ಬದನೆ, ಕುಂಬಳ. ಮೂರು ಗಂಟೆ ಎರಡು ನಿಮಿಷಕ್ಕೆ ಮನೆಯ ಮುಂದೆ ಬಂದಾಗ ಕಾರು ನಿಂತಿತ್ತು, ಹೆಂಡತಿ ಹಿಂದಿನ ಸೀಟಿನಲ್ಲಿ ಕೂತಿದ್ದಳು. ಬೀಳ್ಕೊಡಲು ಬಂದ ನರ್ಸಮ್ಮ ಮುಂದಿನ ಸೀಟಿನಲ್ಲಿ ಕೂತಿದ್ದಳು.

"ಮೀಸೆಗೆ ಏನಾಯ್ತು?" ಅಂದಳು ಹೆಂಡತಿ.

"ಸ್ವಲ್ಪ ಸಣ್ಣ ಮಾಡಿಸಿದೆ."

"ಒಂದೇ ಕಡೆ?"

"ಇನ್ನೊಂದು ಕಡೆ ವಾಪಸ್ ಬಂದ ಮೇಲೆ."

"ಇದಕ್ಕೆ ನನ್ನ ಚೀಲದಲ್ಲಿ ಮದ್ದಿಲ್ಲ," ಅಂದಳು ನರ್ಸಮ್ಮ.

*

ಬಂದರಿನ ಗೇಟಿನ ಹತ್ತಿರ ಹಡಗು ಬೀದಿಯೊಂದನ್ನು ಎತ್ತಿ ನೀರಿನ ಮೇಲೆ ಇಟ್ಟ ಹಾಗೆ ನಿಂತಿತ್ತು. ಹೆಂಡತಿ ಅದನ್ನು ಕತ್ತು ಎತ್ತಿ ನೋಡಿ ಬಾಯಿ ಮುಚ್ಚುವುದನ್ನು ಮರೆತಳು. ಪೊಟ್ಟಣರಾಯನಿಗೆ ಅಷ್ಟೇ ಸಾಕಿತ್ತು; ಇಡೀ ದಿನದ ಓಟ ಅವನ ಕಾಲಿನಿಂದ ಇಳಿದುಹೋಯಿತು.

ಮೂರು ನಲವತ್ತೇಳಕ್ಕೆ ಅವರ ಸರದಿ ಬಂತು. ತಪಾಸಣೆಯ ಹೆಂಗಸು ಕೈಗವಸು ಹಾಕಿಕೊಂಡು ಬ್ಯಾಗು ತೆರೆದಳು. ಅವಳ ಹಿಂದಿನ ಗೋಡೆಯ ಮೇಲೆ ಎರಡು ಸಾಲು ದೊಡ್ಡದಾಗಿ ಬರೆದಿತ್ತು. ಔಷಧಿಗಳು ಮೂಲ ಹೊದಿಕೆಯಲ್ಲಿ, ಡಾಕ್ಟರ ಚೀಟಿಯೊಂದಿಗೆ ಇರಬೇಕು. ಬೀಜ, ಗಿಡ, ಮಣ್ಣು ತರುವಂತಿಲ್ಲ.

ಪೊಟ್ಟಣರಾಯ ಎರಡನ್ನೂ ಓದಿದ. ಮತ್ತೊಮ್ಮೆ ಓದಿದ.

"ಇದೇನು?" ಹೆಂಗಸು ಮೂರು ಪೊಟ್ಟಣಗಳನ್ನು ಬೀಸಣಿಗೆಯ ಹಾಗೆ ಹಿಡಿದಳು.

"ಮಾತ್ರೆ."

"ಮೂಲಂಗಿ ಅಂತ ಇದೆ."

"ಅದು ಬೆಳಗಿನ ಮಾತ್ರೆ."

"ಬದನೆ?"

"ಮಧ್ಯಾಹ್ನದ್ದು. ಊಟ ಆದ ಮೇಲೆ."

ಅವಳು ಅವನ ಗುರುತಿನ ಚೀಟಿ ನೋಡಿದಳು, ಮುಖ ನೋಡಿದಳು. "ಫೋಟೋದಲ್ಲಿ ಎರಡೂ ಕಡೆ ಮೀಸೆ ಇದೆ." ಮತ್ತೆ ಪೊಟ್ಟಣ ತಿರುಗಿಸಿದಳು. "ಇವತ್ತಿನ ತಾರೀಖಿನ ಮುದ್ರೆ, ಅಂಗಡಿ ಹೆಸರು. ಮಾತ್ರೆ ಅಂದ್ರೆ ಹೊದಿಕೆ ಎಲ್ಲಿ? ಬೀಜ ಅಂದ್ರೆ ಒಳಗೆ ಬಿಡೋ ಹಾಗಿಲ್ಲ. ಯಾವುದು ಅಂತ ನೀವೇ ಹೇಳಿ."

"ಮಾತ್ರೆನೇ ಮೇಡಂ. ಒಡೆದು ನೋಡಿ."

ಕುಂಬಳದ ಪೊಟ್ಟಣ ಹರಿದಳು. ಬಿಳಿ ಮಾತ್ರೆಗಳಿಗಿಂತ ಮೊದಲು ಒಂದು ಚಿಟಿಕೆ ಮಣ್ಣು ಮೇಜಿನ ಮೇಲೆ ಉದುರಿತು. ಹಿಂದೆ ನಿಂತಿದ್ದ ಸಾಲು ಒಂದು ಹೆಜ್ಜೆ ಹಿಂದೆ ಸರಿಯಿತು.

"ಮಣ್ಣೂ ಇದೆ," ಅಂದಳು ಹೆಂಗಸು ತಣ್ಣಗೆ, ಮತ್ತು ಗಂಟೆ ಒತ್ತಿದಳು.

ಸಸ್ಯ ತಪಾಸಣೆಯ ಅಧಿಕಾರಿ ಬಂದ. ಬಡಕಲು ಮನುಷ್ಯ, ಮೆಲುದನಿ, ಕುತ್ತಿಗೆಯಲ್ಲಿ ನೇತಾಡುವ ಭೂತಗನ್ನಡಿ. ಎಷ್ಟೋ ತಿಂಗಳಿಂದ ಕೆಲಸವಿಲ್ಲ ಎಂಬುದು ಅವನ ಮುಖದ ಸಂತೋಷದಲ್ಲೇ ಗೊತ್ತಾಗುತ್ತಿತ್ತು. "ನೋಡಿ ಹೇಳೋಕಾಗಲ್ಲ," ಎಂದ ಭೂತಗನ್ನಡಿಯೊಳಗಿಂದ. "ಈಗೆಲ್ಲ ಬೀಜಕ್ಕೂ ಬಣ್ಣ ಬಳೀತಾರೆ, ಔಷಧಿ ಲೇಪಿಸ್ತಾರೆ. ಒದ್ದೆ ಹತ್ತಿಯ ಮೇಲೆ ಐದು ದಿನ ಇಡ್ತೀವಿ. ಹುಟ್ಟದಿದ್ರೆ ಮಾತ್ರೆ. ಹುಟ್ಟಿದ್ರೆ ಬೀಜ. ಅಲ್ಲಿವರೆಗೆ ಪೊಟ್ಟಣ ತಂದೋರು ಇಲ್ಲೇ ಇದ್ದು ದಿನಾ ಸಹಿ ಹಾಕಬೇಕು."

"ನನ್ನ ಹೆಂಡತಿ ಆ ಮಾತ್ರೆ ಇಲ್ಲದೆ ಹೋಗೋ ಹಾಗಿಲ್ಲ ಸಾರ್," ಅಂದ ಪೊಟ್ಟಣರಾಯ. ಹೆಂಡತಿಯ ಕಡೆ ತಿರುಗಿದ. "ನನ್ನ ತಪ್ಪು. ಹೊದಿಕೆ ಎಲ್ಲ ನಾನೇ ಬಿಸಾಕಿದೆ. ನಿನ್ನ ಹಡಗು ತಪ್ಪಿಸಿದೆ."

ಅವಳು ಅವನ ಮಣ್ಣು ತುಂಬಿದ ಉಗುರು ನೋಡಿದಳು, ಅರ್ಧ ಮೀಸೆ ನೋಡಿದಳು. ಮೆಲ್ಲಗೆ ತನ್ನ ಕೈಚೀಲ ತೆರೆದು, ಹೊದಿಕೆ ಮಾಸದ ಮೂರು ಬಗೆಯ ಮಾತ್ರೆ, ಅದರ ಜೊತೆ ಮಡಚಿದ ಡಾಕ್ಟರ ಚೀಟಿ ತೆಗೆದು ಮೇಜಿನ ಮೇಲಿಟ್ಟಳು.

"ಡಾಕ್ಟರು ಬರೆದುಕೊಟ್ಟ ದಿನವೇ ಎರಡು ಪಾಲು ತರಿಸಿದ್ದೆ," ಅಂದಳು. "ಒಂದು ನನಗೆ, ಒಂದು ನಿಮ್ಮ ಕೈಗೆ. ಇಷ್ಟು ವರ್ಷ ಬಾಳಿದ್ದೀನಿ, ಆ ಕೈ ನನಗೆ ಗೊತ್ತಿಲ್ವಾ? ನೀವು ಪೊಟ್ಟಣ ಕಟ್ಟೋ ಖುಷೀಲಿ ಇದ್ರಿ, ಹೇಳೋಕೆ ಮನಸ್ಸು ಬರಲಿಲ್ಲ."

ಅಧಿಕಾರಿ ಚೀಟಿ ಓದಿ ಅವಳಿಗೆ ದಾರಿ ಬಿಟ್ಟ. ಪೊಟ್ಟಣರಾಯನಿಗೆ ಬಿಡಲಿಲ್ಲ. ಅವಳು ತಾನೂ ಉಳಿಯುತ್ತೇನೆ ಎಂದಳು. ಅವನು ಬೇಡ ಎಂದ. ಹಡಗು ಆರನೆಯ ದಿನ ಪಕ್ಕದ ಬಂದರಿಗೆ ಬರುತ್ತದೆ, ಪರೀಕ್ಷೆ ಮುಗಿದರೆ ರಾತ್ರಿ ಬಸ್ಸಿಗೆ ಹೊರಟು ಅಲ್ಲಿ ಹತ್ತಬಹುದು ಎಂದು ಅಧಿಕಾರಿಯೇ ಸಮಾಧಾನ ಹೇಳಿದ. ಅವಳು ಏಣಿ ಹತ್ತುತ್ತ ಹಿಂದೆ ತಿರುಗಿ ನೋಡಿದಳು, ಒಂದು ಸಲ, ಎರಡು ಸಲ. ಮೂರನೆಯ ಸಲಕ್ಕೆ ಹಡಗಿನೊಳಗೆ ವಾದ್ಯ ಶುರುವಾಯಿತು.

ಅವನ ಮನಸ್ಸು ಮಾತ್ರ ಹಗುರವಾಗಿತ್ತು. ಐದು ದಿನ ತಾನೆ. ಅವನ ಅಂಗಡಿಯ ಬೀಜಗಳೇ ಹುಟ್ಟುವುದಿಲ್ಲ, ಮಾತ್ರೆ ಹುಟ್ಟುತ್ತದೆಯೇ?

*

ಮೊದಲ ದಿನ ಮೂಲಂಗಿ ಕರಗಿ ಹತ್ತಿ ಗುಲಾಬಿಯಾಯಿತು. ಎರಡನೆಯ ದಿನ ಬದನೆ ಹಳದಿ ನೀರಾಯಿತು. ಅದೇ ಸಂಜೆ ಕುಂಬಳದಲ್ಲಿ ಒಂಬತ್ತು ಬಿಳಿ ಗಂಜಿಯಾದವು. ಒಂದು ಮಾತ್ರ ಹಾಗೇ ಕೂತಿತ್ತು.

"ಒಂಬತ್ತು ಕರಗಿತಲ್ಲ ಸಾರ್, ಬಿಟ್ಟುಬಿಡಿ."

"ಒಂದು ಉಳಿದಿದೆಯಲ್ಲ ರಾಯರೇ."

"ಅದು ಸ್ವಲ್ಪ ಗಟ್ಟಿ ಮಾತ್ರೆ."

ಮೂರನೆಯ ದಿನ ಅದು ಉಬ್ಬಿತು. ಪೊಟ್ಟಣರಾಯ ಬಂದರಿನ ಬೆಂಚಿನ ಮೇಲೆ ಕೂತು, ಜೀವಮಾನದಲ್ಲಿ ಮೊದಲ ಬಾರಿಗೆ, ಒಂದು ಬೀಜ ಹುಟ್ಟದೆ ಇರಲಿ ಎಂದು ಬೇಡಿಕೊಂಡ. ನಾಲ್ಕನೆಯ ದಿನ ಹೆಂಡತಿ ಫೋನು ಮಾಡಿದಳು, ಹಿಂದೆ ಗಾಳಿಯ ಸದ್ದು. "ನಾಲ್ಕೂ ಕಡೆ ನೀರು, ರೀ. ತಿರುಗಿ ತಿರುಗಿ ನೋಡಿದೆ. ನಾಳಿದ್ದು ಬರ್ತೀರಲ್ಲ?" ಅವನು ಹೂಂ ಎಂದ. ಹತ್ತಿಯ ಮೇಲೆ ಅದರ ತುದಿ ಬಿರುಕು ಬಿಟ್ಟಿತ್ತು.

ಐದನೆಯ ದಿನ ಮಧ್ಯಾಹ್ನ ಅಧಿಕಾರಿ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೊರಗೆ ಬಂದ, ಕೂಸು ತೋರಿಸಲು ತರುವವನ ಹಾಗೆ. ಬಿಳಿ ಕಾಲೊಂದು ಹತ್ತಿಗೆ ಊರಿತ್ತು, ತಲೆಯ ಮೇಲೆ ದಪ್ಪನೆಯ ಎರಡು ಹಸಿರು ಎಲೆ.

"ಬೀಜ," ಅಂದ ಮೆಲುದನಿಯಲ್ಲಿ. "ಈ ವರ್ಷ ಪೂರ್ತಿ ನೀವು ಯಾವ ಹಡಗೂ ಹತ್ತೋ ಹಾಗಿಲ್ಲ. ಇಲ್ಲಿ ಸಹಿ ಹಾಕಿ." ಆಮೇಲೆ ಇನ್ನೂ ಮೆಲ್ಲಗೆ, "ನನ್ನ ಸರ್ವೀಸಲ್ಲೇ ಇಷ್ಟು ಗಟ್ಟಿ ಮೊಳಕೆ ನೋಡಿಲ್ಲ. ಇಂಥ ಬೀಜ ಸಿಗೋ ಅಂಗಡಿ ಎಲ್ಲಿದೆ?"

ಪೊಟ್ಟಣರಾಯ ಬಾಯಿ ತೆರೆಯುವಷ್ಟರಲ್ಲಿ ಜೇಬಿನ ಫೋನು ಹೊಡೆದುಕೊಂಡಿತು. ಪೋಸ್ಟ್ ಮಾಸ್ತರು. ಗಡಿಯಾರ ಸರಿಯಾಗಿ ಎರಡು ಗಂಟೆ ತೋರಿಸುತ್ತಿತ್ತು.

"ರಾಯರೇ, ನೀವು ಕಳಿಸಿದ ಹೊಸ ಪೊಟ್ಟಣ ಬಿತ್ತಿ ಐದು ದಿನ. ಒಂದೂ ಹುಟ್ಟಿಲ್ಲ. ಅದಿರಲಿ, ನೀವು ನೆಲಕ್ಕೆ ಸುರಿದ ಮೂರನೇ ಕುಂಡದ ಒಣ ಮಣ್ಣು ಇವತ್ತು ಗುಡಿಸಿದಾಗ ನಿಮ್ಮದೊಂದು ಬಿಳಿ ಮಾತ್ರೆ ಸಿಕ್ಕಿದೆ. ಏನು ಮಾಡಲಿ?"

ಪೊಟ್ಟಣರಾಯ ತಟ್ಟೆಯ ಕಡೆ ನೋಡಿದ. ಎರಡು ಹಸಿರು ಎಲೆ ಕಡಲ ಗಾಳಿಗೆ ಹಿತವಾಗಿ ತಲೆಯಾಡಿಸುತ್ತಿದ್ದವು.

"ನಿಮ್ಮ ಹತ್ರಾನೇ ಇರಲಿ ಸಾರ್," ಅಂದ. "ನಿಮ್ಮದೊಂದು ನನ್ನ ಹತ್ರ ಇದೆ. ಕಳೆದ ವರ್ಷ ಬಿತ್ತಿದ್ರಲ್ಲ, ಹುಟ್ಟಿದೆ."